ಪಾಲಕಧರ್ಮ: ರೆವರೆಂಡ್ ಉತ್ತಂಗಿ ಚನ್ನಪ್ಪನವರ ಜೀವನವೂ ಗ್ರಂಥಕಾರ್ಯವೂ

೧

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಗಳಲ್ಲೊಂದು. ಊರಿನ ಹೆಸರಿನ ನಿಷ್ಪತ್ತಿಯು ಏನೇ ಇರಲಿ, 'ನನ್ನಿ'ಯೆಂಬ ಶಬ್ದವು ಹಳಗನ್ನಡದಲ್ಲಿ ಸತ್ಯವಾಚಕವೆಂಬುದು ಪ್ರಾಚೀನಕಾವ್ಯಗಳ ಪರಿಚಯವುಳ್ಳವರಿಗೆಲ್ಲ ವಿದಿತವಾಗಿದೆ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ 'ದೇವರ ಎತ್ತು'ಗಳೆಂಬ ಮಂದೆಗಳುಂಟು. ಈ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ. ಇವುಗಳನ್ನು ಕಾಯುವವನಿಗೆ ಕಿಲಾರಿಯೆಂದು ಹೆಸರು. ಕಿಲಾರಿಯು ಮಂದೆಯೊಡನೆ ಅಡವಿಯಲ್ಲಿ ತಿರುಗುವನು. ಮೇವು ನೀರುಗಳು ಎಲ್ಲಿ ದೊರೆಯುವುವೆಂಬುದನ್ನು ಬಲ್ಲನು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಬರಗಾಲವು ಬಂದರೆ ಮಂದೆಯ ಚಿಂತೆಯು ಮೊದಲು ತಟ್ಟುವುದು ಅವನಿಗೇ. ಇಷ್ಟಾದರೂ ಮಂದೆಯು ಅವನ ಸ್ವತ್ತಲ್ಲ, ದೇವರದು. ಹೊಣೆಯೆಲ್ಲವೂ ಅವನದು, ಒಡೆತನವು ಲೇಶವೂ ಅವನದಲ್ಲ. ಅಕ್ಷರಾಭ್ಯಾಸವಿಲ್ಲದ ಕಿಲಾರಿಗೂ ಸಹಜವಾಗಿ ತಿಳಿದಿರುವ ಈ ಧರ್ಮವು, ಮನುಷ್ಯರ ಆತ್ಮಗಳನ್ನು ಕಾಯುವೆವೆಂದು ಹೊರಟ ಗುರುಗಳಿಗೆ ಎಲ್ಲ ಮತಗಳಲ್ಲಿಯೂ ದುಸ್ಸಾಧ್ಯವಾಗಿ ಪರಿಣಮಿಸಿದೆ.

ಕ್ರೈಸ್ತಸಭೆಯಲ್ಲಿ ಗುರುವಿಗೆ ಸಭಾಪಾಲಕನೆಂದು ಹೆಸರು. 'ಪಾಲ' ಧಾತುವಿಗೆ ರಕ್ಷಣೆಯೆಂದು ಅರ್ಥ. ಪಾಶ್ಚಾತ್ಯರಲ್ಲಿ ರೂಢವಾದ 'ಪಾಸ್ಟರ್' ಎಂಬ ಶಬ್ದವಾದರೋ ಮೇಯಿಸುವುದೆಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದುದು. ಒಂದರಲ್ಲಿ ಕಾಯುವುದು, ಮತ್ತೊಂದರಲ್ಲಿ ಉಣಿಸುವುದು. ಎರಡರಲ್ಲಿಯೂ ಆಳುವುದೆಂಬ ಅರ್ಥವು ಮೂಲದಲ್ಲಿಲ್ಲ. ಬೈಬಲಿನ ಪ್ರಮಾಣವೂ ಇದಕ್ಕೆ ಅನುಗುಣವಾಗಿಯೇ ಇದೆ. ಯೆಹೆಜ್ಕೇಲನ ಗ್ರಂಥದ ೩೪ನೆಯ ಅಧ್ಯಾಯವು ಮಂದೆಯನ್ನು ಬಿಟ್ಟು ತಮ್ಮ ಹೊಟ್ಟೆಯನ್ನು ತುಂಬಿಕೊಂಡ ಕುರುಬರನ್ನು ಖಂಡಿಸುತ್ತದೆ. ಯೋಹಾನನ ಸುವಾರ್ತೆಯ ೧೦ನೆಯ ಅಧ್ಯಾಯವು ಪ್ರಾಣವನ್ನು ಕೊಡುವ ಕುರುಬನಿಗೂ ತೋಳ ಬಂದಾಗ ಓಡುವ ಕೂಲಿಯಾಳಿಗೂ ಭೇದವನ್ನು ಕಲ್ಪಿಸುತ್ತದೆ. ಪೇತ್ರನ ಮೊದಲನೆಯ ಪತ್ರಿಕೆಯ ೫ನೆಯ ಅಧ್ಯಾಯದಲ್ಲಿ ಸಭೆಯ ಹಿರಿಯರು ದೊರೆತನವನ್ನು ನಡೆಸದೆ ನಡತೆಯಿಂದ ಮೇಲ್ಪಂಕ್ತಿಯಾಗಬೇಕೆಂಬ ವಿಧಿಯುಂಟು. ಈ ಮೂರರ ತಾತ್ಪರ್ಯವನ್ನು ಒಟ್ಟುಗೂಡಿಸಿದರೆ, ಕಾಯುವವನು ಒಡೆಯನಾಗಕೂಡದೆಂಬುದೇ ಪಾಲಕಧರ್ಮದ ಸಾರವೆಂದು ಸಿದ್ಧವಾಗುತ್ತದೆ.

ಈ ಧರ್ಮವನ್ನು ಕನ್ನಡನಾಡಿನಲ್ಲಿ ಆಚರಿಸಿ ತೋರಿಸಿದವರನ್ನು ಹುಡುಕುವಾಗ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಹೆಸರು ಮೊದಲು ನೆನಪಿಗೆ ಬರುವುದು. ಅವರನ್ನು ಸರ್ವಜ್ಞನ ವಚನಗಳ ಸಂಪಾದಕರೆಂದು ಸಾಹಿತಿಗಳು ಸ್ಮರಿಸುವರು. ಸಭಾಪಾಲಕರೆಂದು ಕ್ರೈಸ್ತರು ಸ್ಮರಿಸುವರು. ಈ ಎರಡು ಸ್ಮರಣೆಗಳು ಬೇರೆಬೇರೆಯಾಗಿ ಉಳಿದಿರುವುದರಿಂದ, ಅವರಲ್ಲಿದ್ದ ಪಾಲಕನಿಗೂ ಸಂಪಾದಕನಿಗೂ ಇದ್ದ ಸಂಬಂಧವು ವಿಚಾರಕ್ಕೆ ಬಂದುದು ಕಡಮೆ. ಅವರ ಗ್ರಂಥಗಳ ಗುಣಗಳೂ ದೋಷಗಳೂ ಒಂದೇ ಸ್ವಭಾವದಿಂದ ಹುಟ್ಟಿದುವೆಂಬುದನ್ನೂ, ಆ ಸ್ವಭಾವವು ಪಾಲಕಸ್ವಭಾವವೆಂಬುದನ್ನೂ ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶವು.

೨

ಮೊಳಕಾಲ್ಮೂರಿನ ಗಡಿಯನ್ನು ಉತ್ತರಕ್ಕೆ ದಾಟಿದರೆ ಬಳ್ಳಾರಿಯ ಸೀಮೆ. ಅಲ್ಲಿಗೆ ಕ್ರೈಸ್ತಬೋಧಕರು ಬಂದುದು ಬಹಳ ಹಿಂದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವನು ೧೮೧೦ರಲ್ಲಿ ಬಳ್ಳಾರಿಯಲ್ಲಿ ನೆಲಸಿ, ಕನ್ನಡವನ್ನು ಕಲಿತು, ಬೈಬಲಿನ ಅನುವಾದಕ್ಕೆ ಕೈಹಾಕಿದನು. ಆ ಸೀಮೆಯ ಪಶ್ಚಿಮಭಾಗದಲ್ಲಿ ಹೂವಿನಹಡಗಲಿ ತಾಲ್ಲೂಕಿಗೆ ಸೇರಿದ ಉತ್ತಂಗಿಯೆಂಬ ಗ್ರಾಮವಿದೆ. ಆಗ ಮದರಾಸು ಅಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಗ್ರಾಮವು ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವುದು. ಚನ್ನಪ್ಪನವರು ಇಲ್ಲಿ ೧೮೮೧ನೆಯ ಇಸವಿ ಅಕ್ಟೋಬರ್ ೨೮ರಂದು ಜನಿಸಿದರು. ಕ್ರೈಸ್ತಮತದಲ್ಲಿ ಹುಟ್ಟಿ ಬೆಳೆದರೂ ಅವರ ಹೆಸರು ಚನ್ನಪ್ಪನೆಂದೇ ಇದ್ದಿತು. ಊರಿನ ಹೆಸರು ಅದಕ್ಕೆ ಮುಂಚೂಣಿಯಲ್ಲಿ ನಿಂತಿತು. ದೇಶವನ್ನು ಬಿಡದ ಮತವು ಹೇಗಿರಬೇಕೆಂಬುದಕ್ಕೆ ಹೆಸರೇ ಮೊದಲನೆಯ ನಿದರ್ಶನವು.

ಅವರು ಮಂಗಳೂರಿನ ಬಾಸೆಲ್ ಮಿಷನ್ ದೇವಜ್ಞಾನಶಾಲೆಯಲ್ಲಿ ಶಿಕ್ಷಣವನ್ನು ಪಡೆದು ಆ ಮಿಷನ್ನಿನ ಸಭಾಪಾಲಕರಾದರು. ಬಾಸೆಲ್ ಮಿಷನ್ನು ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಗಿ, ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದಿತು. ಈ ಸಂಸ್ಥೆಯಿಂದ ಕನ್ನಡಕ್ಕೆ ಆದ ಉಪಕಾರವು ಸಾಮಾನ್ಯವಲ್ಲ. ಹರ್ಮನ್ ಮೋಗ್ಲಿಂಗನು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದನು; ೧೮೪೮ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದನು. ೧೮೫೩ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲನು ೧೮೭೨ರಲ್ಲಿ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ಛಂದೋಂಬುಧಿಯನ್ನೂ ಸಂಶೋಧಿಸಿ ಪ್ರಕಟಿಸಿ, ೧೮೯೪ರಲ್ಲಿ ಮಹಾನಿಘಂಟನ್ನು ಮುಗಿಸಿದನು. ಉತ್ತಂಗಿಯವರಿಗೆ ಈ ಪರಂಪರೆಯು ಪಿತ್ರಾರ್ಜಿತವಾಗಿ ಬಂದಿತೆಂದು ಹೇಳಬಹುದು. ಆದರೆ ಅವರಿಗೂ ಹಿಂದಿನವರಿಗೂ ಒಂದು ಮುಖ್ಯವಾದ ಭೇದವುಂಟು. ಕಿಟ್ಟೆಲ್ ಮೋಗ್ಲಿಂಗರು ಪರದೇಶಿಗಳಾಗಿ ಬಂದು ಕನ್ನಡವನ್ನು ಸಾಧಿಸಿದರು; ಅವರಿಗೆ ಕನ್ನಡವು ಸೇವೆಯ ಸಾಧನವಾಗಿದ್ದು ಕ್ರಮೇಣ ಪ್ರೀತಿಯ ವಿಷಯವಾಯಿತು. ಉತ್ತಂಗಿಯವರಿಗಾದರೋ ಅದು ತಾಯ ಹಾಲಿನೊಡನೆ ಬಂದುದು. ವಚನಗಳನ್ನೂ ತ್ರಿಪದಿಗಳನ್ನೂ ಅವರು ಹೊರಗಿನ ವಸ್ತುವೆಂದು ನೋಡುವ ಹಾಗಿರಲಿಲ್ಲ. ಅವುಗಳನ್ನು ನೆರೆಯವರ ಬಾಯಿಂದ ಕೇಳಿಯೇ ಬೆಳೆದಿರಬೇಕು.

ಕಾಲವೂ ಇದಕ್ಕೆ ಒದಗಿಬಂದಿತು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾದ ಮೇಲೆ ಬಾಸೆಲ್ ಮಿಷನ್ನಿನ ಜರ್ಮನ್ ಬೋಧಕರನ್ನು ಬ್ರಿಟಿಷ್ ಸರ್ಕಾರವು ಬಂಧನದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಕಳುಹಿಸಿತು. ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಮುಂತಾದುವು ಪರಾಧೀನವಾದುವು. ಅದುವರೆಗೆ ಪಾಶ್ಚಾತ್ಯರ ಕೈಕೆಳಗೆ ನಡೆಯುತ್ತಿದ್ದ ದೇಶೀಯ ಸಭಾಪಾಲಕರ ಮೇಲೆ ಹೊಣೆಯು ಒಮ್ಮೆಗೇ ಬಿದ್ದಿತು. ಕ್ರೈಸ್ತಸಭೆಯು ಪರದೇಶದ ಗಿಡವಾಗಿ ಉಳಿಯಬೇಕೋ ಈ ನೆಲದಲ್ಲಿ ಬೇರೂರಬೇಕೋ ಎಂಬ ಪ್ರಶ್ನೆಯು ಆಗ ಊಹೆಯ ಮಾತಾಗಿರದೆ ಅನ್ನವಸ್ತ್ರಗಳ ಮಾತಾಯಿತು. ಉತ್ತಂಗಿಯವರ ಮೊದಲಿನ ಮುಖ್ಯಗ್ರಂಥಗಳು ಈ ಕಾಲದ ಬೆನ್ನಿಗೆ ಬಂದುವೆಂಬುದನ್ನು ವಿಮರ್ಶಕರು ಗಮನಿಸತಕ್ಕುದು.

೩

ಉತ್ತಂಗಿಯವರ ಕಾರ್ಯದ ವಿಷಯದಲ್ಲಿ ಎರಡು ಪೂರ್ವಪಕ್ಷಗಳು ಹುಟ್ಟಲು ಅವಕಾಶವುಂಟು. ಕ್ರೈಸ್ತರ ಕಡೆಯಿಂದ ಬರಬಹುದಾದುದು ಮೊದಲನೆಯದು: ಸಭಾಪಾಲಕನು ತನ್ನ ಮಂದೆಯನ್ನು ಬಿಟ್ಟು ಪರರ ಶಾಸ್ತ್ರಗಳಿಗೆ ಆಯುಷ್ಯವನ್ನು ಸವೆಸಿದರೆ ಅದು ಕರ್ತವ್ಯಚ್ಯುತಿಯಾಗಲಿಲ್ಲವೆ? ಶಿವಶರಣರ ವಚನಗಳನ್ನು ಅಚ್ಚುಹಾಕಿಸುವ ಪಾದ್ರಿಯು ತನ್ನ ಮತದಲ್ಲಿ ದೃಢನಾಗಿರುವನೆಂದು ನಂಬುವುದು ಹೇಗೆ? ವೀರಶೈವಾದಿಗಳ ಕಡೆಯಿಂದ ಬರಬಹುದಾದುದು ಎರಡನೆಯದು: ಮತಾಂತರವೇ ಉದ್ದೇಶವಾಗಿರುವವನು ಅನ್ಯಮತದ ಗ್ರಂಥವನ್ನು ಮುಟ್ಟಿದರೆ ಅದರಲ್ಲಿ ತನ್ನ ಮತವನ್ನು ತುರುಕದೆ ಬಿಡುವನೆ? ಬೇಟೆಗಾರನು ಹಕ್ಕಿಯ ದನಿಯನ್ನು ಕಲಿಯುವುದು ಹಕ್ಕಿಯ ಮೇಲಣ ಪ್ರೀತಿಯಿಂದಲ್ಲವಷ್ಟೆ!

ಈ ಎರಡು ಆಕ್ಷೇಪಗಳಲ್ಲಿ ಯಾವುದನ್ನೂ ಉಪೇಕ್ಷಿಸತಕ್ಕುದಲ್ಲ. ಎರಡನೆಯದಕ್ಕೆ ಚರಿತ್ರೆಯ ಆಧಾರವೂ ಉಂಟು. ೧೯ನೆಯ ಶತಮಾನದ ಮತಪ್ರಚಾರದ ಕಿರುಹೊತ್ತಿಗೆಗಳಲ್ಲಿ ಹಿಂದೂ ಗ್ರಂಥಗಳ ಮಾತುಗಳನ್ನು ಪ್ರಕರಣದಿಂದ ಕಿತ್ತು ತಂದು ಅವುಗಳಿಂದಲೇ ಹಿಂದೂಮತವನ್ನು ಖಂಡಿಸುವ ಪದ್ಧತಿಯು ಸಾಮಾನ್ಯವಾಗಿದ್ದಿತು. ಮೂರ್ತಿಪೂಜೆಯನ್ನೂ ಜಾತಿಯನ್ನೂ ಹಳಿದ ದೇಶೀಯಕವಿಗಳು ಅಂತಹ ಪ್ರಚಾರಕರಿಗೆ ಸಿದ್ಧವಾದ ಆಯುಧಗಳಂತೆ ಕಂಡರು. ಆದುದರಿಂದ ಸಂಶಯವು ಸಕಾರಣವಾದುದು. ಅದಕ್ಕೆ ಪರಿಹಾರವನ್ನು ಲೇಖಕನ ಪ್ರತಿಜ್ಞೆಗಳಲ್ಲಿ ಹುಡುಕದೆ ಗ್ರಂಥಗಳಲ್ಲಿಯೇ ಹುಡುಕಬೇಕು.

೧೯೨೧ರಲ್ಲಿ ಪ್ರಕಟವಾದ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'ಯೆಂಬ ಗ್ರಂಥದ ಹೆಸರನ್ನೇ ಮೊದಲು ಪರಿಶೀಲಿಸಬಹುದು. ಬನಾರಸವು ಹಿಂದೂಧರ್ಮದ ಕೇಂದ್ರ. ಬೆತ್ಲೆಹೇಮು ಯೇಸುಸ್ವಾಮಿಯ ಜನ್ಮಸ್ಥಾನ. ಬೆತ್ಲೆಹೇಮು ಬನಾರಸದ ಮೇಲೆ ದಂಡೆತ್ತಿ ಹೋಗುವುದಿಲ್ಲ, ಆಜ್ಞಾಪಿಸುವುದಿಲ್ಲ, ಬಾಗಿಲಲ್ಲಿ ನಿಂತು ವಿನಂತಿಸುತ್ತದೆ. ವಿನಂತಿಯೆಂಬ ಶಬ್ದದಲ್ಲಿ ಮೂರು ಅಂಶಗಳು ಅಡಗಿವೆ: ಹೇಳಬೇಕಾದುದು ತನ್ನಲ್ಲಿ ಉಂಟೆಂಬ ದೃಢತೆ, ಕೇಳುವವನ ಮೇಲಣ ಗೌರವ, ನಿರಾಕರಿಸುವ ಸ್ವಾತಂತ್ರ್ಯವು ಅವನಿಗಿದೆಯೆಂಬ ಒಪ್ಪಿಗೆ. ಮೊದಲನೆಯ ಅಂಶವು ಇಲ್ಲದಿದ್ದರೆ ಅವರು ಸಭಾಪಾಲಕರಾಗುತ್ತಿರಲಿಲ್ಲ. ಕಡೆಯ ಎರಡು ಇಲ್ಲದಿದ್ದರೆ ಸರ್ವಜ್ಞನ ಸಂಪಾದಕರಾಗುತ್ತಿರಲಿಲ್ಲ. ಇಲ್ಲಿ ಗ್ರಂಥಕರ್ತನು ತನ್ನ ಮತವನ್ನು ಮುಚ್ಚಿಟ್ಟಿಲ್ಲವೆಂಬುದನ್ನು ವಿಶೇಷವಾಗಿ ಲಕ್ಷಿಸಬೇಕು. ವೇಷವನ್ನು ಧರಿಸದೆ ತನ್ನ ರೂಪಿನಿಂದಲೇ ಬಂದವನನ್ನು ಬೇಟೆಗಾರನೆಂದು ಕರೆಯುವುದು ನ್ಯಾಯವಾಗಲಾರದು.

ಮರಾಠೀ ಕವಿ ನಾರಾಯಣ ವಾಮನ ಟಿಳಕರ ಚರಿತ್ರವನ್ನು ಉತ್ತಂಗಿಯವರು ಕನ್ನಡದಲ್ಲಿ ಬರೆದಿರುವುದೂ ಇದೇ ಮನೋಭಾವಕ್ಕೆ ಸಾಕ್ಷಿ. ಟಿಳಕರು ೧೮೬೧ರಲ್ಲಿ ಬ್ರಾಹ್ಮಣಕುಲದಲ್ಲಿ ಹುಟ್ಟಿ, ೧೮೯೫ರಲ್ಲಿ ದೀಕ್ಷಾಸ್ನಾನವನ್ನು ಪಡೆದು, ಮಹಾರಾಷ್ಟ್ರದ ಸಂತರ ಅಭಂಗಮಾರ್ಗದಲ್ಲಿಯೇ ಕ್ರಿಸ್ತಭಕ್ತಿಯನ್ನು ಹಾಡಿದವರು. ತಮ್ಮ ಕಡೆಯ ಕಾಲದಲ್ಲಿ ಮಿಷನ್ನಿನ ಸಂಬಳವನ್ನು ತೊರೆದು, ೧೯೧೯ರಲ್ಲಿ ತೀರಿಕೊಂಡರು. ಒಬ್ಬನು ಯಾರ ಚರಿತ್ರವನ್ನು ಬರೆಯಲು ಆರಿಸಿಕೊಳ್ಳುವನೋ ಅದರಿಂದ ಅವನ ಆದರ್ಶವು ವ್ಯಕ್ತವಾಗುವುದು. ದೇಶೀಯಭಕ್ತಿಯ ದಾರಿಯಲ್ಲಿಯೇ ಕ್ರಿಸ್ತನ ಕಡೆಗೆ ನಡೆಯಬಹುದೆಂಬುದು ಟಿಳಕರ ಜೀವನದ ತಾತ್ಪರ್ಯ. ಕನ್ನಡದಲ್ಲಿ ಆ ದಾರಿಯು ವಚನಗಳ ದಾರಿಯಾಗಬೇಕಾಗಿದ್ದುದು ಸಹಜವೇ ಸರಿ.

೪

೧೯೨೪ರಲ್ಲಿ ಪ್ರಕಟವಾದ 'ಸರ್ವಜ್ಞನ ವಚನಗಳು' ಉತ್ತಂಗಿಯವರ ಕೀರ್ತಿಗೆ ಮುಖ್ಯಕಾರಣವಾದ ಗ್ರಂಥವು. ಇದಕ್ಕೆ ಹಿಂದಿನ ವರ್ಷ, ೧೯೨೩ರಲ್ಲಿ, ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವು ಹೊರಬಿದ್ದಿತ್ತು. ಹೀಗೆ ಎರಡು ವರ್ಷಗಳೊಳಗೆ ಕನ್ನಡದ ಎರಡು ಜನಪ್ರಿಯ ವಚನರಾಶಿಗಳು ವ್ಯವಸ್ಥಿತರೂಪದಲ್ಲಿ ಕನ್ನಡಿಗರ ಕೈಸೇರಿದುವು. ಒಂದನ್ನು ಒಬ್ಬ ವೀರಶೈವ ವಕೀಲರೂ ಇನ್ನೊಂದನ್ನು ಒಬ್ಬ ಕ್ರೈಸ್ತ ಪಾದ್ರಿಗಳೂ ಸಂಪಾದಿಸಿದುದು ಕನ್ನಡದ ಭಾಗ್ಯವು.

ಸರ್ವಜ್ಞನ ವಚನಗಳ ಸಂಪಾದನೆಯಲ್ಲಿರುವ ಕಷ್ಟವು ಬೇರೆ ಕಾವ್ಯಗಳ ಸಂಪಾದನೆಯಲ್ಲಿಲ್ಲ. ತ್ರಿಪದಿಯು ಕನ್ನಡದ ಅತಿಪ್ರಾಚೀನವಾದ ಛಂದಸ್ಸುಗಳಲ್ಲೊಂದು, ಸುಮಾರು ಕ್ರಿ. ಶ. ೭೦೦ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಪರಿಪಕ್ವರೂಪದಲ್ಲಿ ಕಾಣುತ್ತದೆ. ಬೀಸುವ ಕಲ್ಲಿನ ಮುಂದೆ ಹೆಂಗಸರೂ ಕಣದಲ್ಲಿ ಒಕ್ಕಲಿಗರೂ ಹಾಡುವುದು ಇದನ್ನೇ. ಮೂರೇ ಪಾದಗಳ ಪದ್ಯವಾದುದರಿಂದ ನೆನಪಿನಲ್ಲಿ ನಿಲ್ಲುವುದು ಸುಲಭ, ಹೊಸದಾಗಿ ಕಟ್ಟುವುದೂ ಸುಲಭ. ಕಟ್ಟಿದವನು ಕಡೆಯಲ್ಲಿ 'ಸರ್ವಜ್ಞ'ನೆಂಬ ಅಂಕಿತವನ್ನು ಸೇರಿಸಿದರೆ ಅದು ಸರ್ವಜ್ಞನದೇ ಆಗಿಬಿಡುತ್ತದೆ. ಓಲೆಯ ಪ್ರತಿಯಲ್ಲಿರುವ ಪಾಠ ಒಂದು, ಜನರ ಬಾಯಲ್ಲಿರುವ ಪಾಠ ಮತ್ತೊಂದು. ಒಂದು ಊರಿನಲ್ಲಿ ಪ್ರಸಿದ್ಧವಾದುದು ಇನ್ನೊಂದು ಊರಿಗೆ ತಿಳಿಯದು. ಇಂತಹ ರಾಶಿಯನ್ನು ಒಟ್ಟುಗೂಡಿಸುವುದಕ್ಕೆ ಪಾಂಡಿತ್ಯವೊಂದೇ ಸಾಲದು. ಊರೂರು ಅಲೆಯುವ ಕಾಲು, ಕಂಡವರ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳುವ ಕಿವಿ, ಸಾಮಾನ್ಯರ ಮಾತಿನಲ್ಲಿ ಬೆಲೆಯಿದೆಯೆಂಬ ನಂಬಿಕೆ ಇವು ಬೇಕು. ಸಭಾಪಾಲಕನ ವೃತ್ತಿಯು ಇವನ್ನೇ ಕಲಿಸತಕ್ಕುದು. ಮನೆಮನೆಗೆ ಹೋಗಿ ಸುಖದುಃಖಗಳನ್ನು ವಿಚಾರಿಸುವವನು ಮನೆಮನೆಯಿಂದ ತ್ರಿಪದಿಗಳನ್ನು ತಂದುದರಲ್ಲಿ ಆಶ್ಚರ್ಯವಿಲ್ಲ. ಹೀಗೆ ಸುಮಾರು ಎರಡು ಸಾವಿರ ತ್ರಿಪದಿಗಳು ಕೂಡಿದುವು. ಅವುಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ವಿಸ್ತಾರವಾದ ಉಪೋದ್ಘಾತದೊಡನೆ ಅವರು ಪ್ರಕಟಿಸಿದರು.

ಈಗ ಎರಡನೆಯ ಪೂರ್ವಪಕ್ಷಕ್ಕೆ ಉತ್ತರವು ದೊರೆಯುತ್ತದೆ. ಸರ್ವಜ್ಞನಲ್ಲಿ ಜಾತಿಭೇದವನ್ನು ಹಳಿಯುವ, ಡಾಂಭಿಕರಾದ ಗುರುಗಳನ್ನು ಜರೆಯುವ, ಕುರುಡಾಚಾರವನ್ನು ಅಣಕಿಸುವ ವಚನಗಳು ಹೇರಳವಾಗಿವೆ. ಪ್ರಚಾರವೇ ಉದ್ದೇಶವಾಗಿದ್ದರೆ ಅವುಗಳಲ್ಲಿ ನೂರನ್ನು ಆಯ್ದು ಕಿರುಹೊತ್ತಿಗೆಯಾಗಿ ಹಂಚಿದ್ದರೆ ಸಾಕಾಗಿದ್ದಿತು. ಉತ್ತಂಗಿಯವರು ಹಾಗೆ ಮಾಡಲಿಲ್ಲ. ಶಿವನನ್ನು ಸ್ತುತಿಸುವ, ಲಿಂಗವನ್ನು ಹೊಗಳುವ, ಗುರುಮಹಿಮೆಯನ್ನು ಹೇಳುವ ವಚನಗಳನ್ನು ಅವುಗಳ ಸ್ಥಾನದಲ್ಲಿಯೇ ಉಳಿಸಿದರು. ಸರ್ವಜ್ಞನು ಶೈವನಾಗಿದ್ದರೆ ಶೈವನಾಗಿಯೇ ಇರಲಿ, ಯಾವ ಮತಕ್ಕೂ ಒಗ್ಗದವನಾಗಿದ್ದರೆ ಹಾಗೆಯೇ ಇರಲಿ. ಅವನನ್ನು ಅಪ್ರಕಟ ಕ್ರೈಸ್ತನನ್ನಾಗಿ ಮಾಡುವ ಹಟವು ಗ್ರಂಥದಲ್ಲಿಲ್ಲ. ಕಿಲಾರಿಯು ದೇವರ ಎತ್ತಿಗೆ ತನ್ನ ಮುದ್ರೆಯನ್ನು ಒತ್ತಲಿಲ್ಲ. ಪರರ ನಿಧಿಯನ್ನು ಕೈಯಲ್ಲಿ ಹಿಡಿದಾಗ ಅದಕ್ಕೆ ಏನನ್ನೂ ಕೂಡಿಸದೆ ಏನನ್ನೂ ಕಳೆಯದೆ ಒಪ್ಪಿಸುವುದು ಸತ್ಯನಿಷ್ಠೆಯ ಪರೀಕ್ಷೆ. ಈ ಪರೀಕ್ಷೆಯಲ್ಲಿ ಉತ್ತಂಗಿಯವರು ತೇರ್ಗಡೆಯಾದರೆಂದು ನಿಸ್ಸಂಶಯವಾಗಿ ಹೇಳಬಹುದು.

ಇಷ್ಟು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಸಂಪಾದಕನಿಗೆ ಸಂಗ್ರಹಿಸುವ ಶಕ್ತಿಯು ಎಷ್ಟು ಅವಶ್ಯವೋ ತ್ಯಜಿಸುವ ಶಕ್ತಿಯೂ ಅಷ್ಟೇ ಅವಶ್ಯ. ಒಬ್ಬ ಕವಿಯ ಕೈಯಿಂದ ಹೊರಟವುಗಳೆಂದು ಒಪ್ಪಲಾಗದಷ್ಟು ಭಿನ್ನವಾದ ಭಾಷೆಯೂ ಶೈಲಿಯೂ ಅಭಿಪ್ರಾಯಗಳೂ ಈ ವಚನರಾಶಿಯಲ್ಲಿವೆ. ಸ್ತ್ರೀಯನ್ನು ಒಂದೆಡೆಯಲ್ಲಿ ಮುಕ್ತಕಂಠದಿಂದ ಹೊಗಳಿ ಇನ್ನೊಂದೆಡೆಯಲ್ಲಿ ಕೀಳು ಮಾತಿನಿಂದ ನಿಂದಿಸಿರುವುದು, ಸರ್ವಜೀವಸಮತೆಯ ಮಗ್ಗುಲಲ್ಲಿಯೇ ಕಸಬುಗಳ ಮೇಲಣ ಹೀಯಾಳಿಕೆಯು ನಿಂತಿರುವುದು ಪ್ರಕ್ಷಿಪ್ತಗಳು ಧಾರಾಳವಾಗಿ ಸೇರಿರಬಹುದೆಂಬುದನ್ನು ಸೂಚಿಸುತ್ತವೆ. ಮೂಲವನ್ನು ಪ್ರಕ್ಷಿಪ್ತದಿಂದ ಬೇರ್ಪಡಿಸುವ ಕೆಲಸವು ಹಿಂದೆಬಿದ್ದು ಕೂಡಿಡುವ ಕೆಲಸವೇ ಮುಂದಾಯಿತು. ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೆ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋಗುವ ಕುರುಬನ ದೃಷ್ಟಾಂತವು ಲೂಕನ ಸುವಾರ್ತೆಯಲ್ಲಿದೆ. ಆ ದೃಷ್ಟಾಂತವನ್ನು ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡವನಿಗೆ, ಬಾಗಿಲಿಗೆ ಬಂದ ಒಂದು ತ್ರಿಪದಿಯನ್ನು ಇದು ಮಂದೆಗೆ ಸೇರಿದುದಲ್ಲವೆಂದು ಹಿಂದಕ್ಕೆ ಅಟ್ಟುವುದು ಕಷ್ಟವಾಗಿರಬೇಕು. ಪಾಲಕನಲ್ಲಿ ಗುಣವಾದುದು ಸಂಪಾದಕನಲ್ಲಿ ದೋಷವಾಯಿತು. ಆದರೂ ಆ ಔದಾರ್ಯವು ಇಲ್ಲದಿದ್ದರೆ ಎಷ್ಟೋ ವಚನಗಳು ಹೇಳುವವರೊಡನೆಯೇ ಮಣ್ಣುಗೂಡುತ್ತಿದ್ದುವು. ಮುಂದಿನವರಿಗೆ ಶೋಧಿಸುವುದಕ್ಕೂ ಏನೂ ಉಳಿಯುತ್ತಿರಲಿಲ್ಲ.

೫

ಉತ್ತಂಗಿಯವರ ಉತ್ತರವಯಸ್ಸಿನ ಶ್ರಮವೆಲ್ಲ ಶರಣಸಾಹಿತ್ಯಕ್ಕೆ ಮೀಸಲಾಯಿತು. ಎಸ್. ಎಸ್. ಭೂಸನೂರಮಠರೊಡನೆ ಕೂಡಿ ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ೧೯೫೦ರಲ್ಲಿ ಸಂಪಾದಿಸಿದರು. 'ಸಿದ್ಧರಾಮ ಸಾಹಿತ್ಯ ಸಂಗ್ರಹ'ವು ೧೯೫೫ರಲ್ಲಿ ಹೊರಬಂದಿತು. ಈ ಆಯ್ಕೆಯಲ್ಲಿಯೂ ಒಂದು ಅಭಿರುಚಿಯು ಕಾಣುತ್ತದೆ. ಮಾರಯ್ಯನು ಕಾಶ್ಮೀರದ ರಾಜ್ಯವನ್ನು ತೊರೆದು ಕಲ್ಯಾಣದಲ್ಲಿ ಸೌದೆಯ ಹೊರೆಯನ್ನು ಮಾರಿ ಜೀವಿಸಿದನೆಂಬುದು ಪರಂಪರೆಯ ಕಥೆ. ಸೊನ್ನಲಿಗೆಯ ಸಿದ್ಧರಾಮನು ಕೆರೆಬಾವಿಗಳನ್ನು ಕಟ್ಟಿಸಿ ಲೋಕೋಪಕಾರವನ್ನು ಯೋಗವೆಂದೆಣಿಸಿದ ಶರಣ. ಇಬ್ಬರೂ ಅಧಿಕಾರವನ್ನು ಇಳಿಸಿ ಸೇವೆಯನ್ನು ಎತ್ತಿಕೊಂಡವರು. ದೊರೆತನವನ್ನು ಬಿಟ್ಟು ದಾಸನ ರೂಪವನ್ನು ಧರಿಸಿದ ಕ್ರಿಸ್ತನನ್ನು ಆರಾಧಿಸುವವನಿಗೆ ಇಂತಹ ಶರಣರು ಪರಕೀಯರಾಗಿ ಕಾಣದಿದ್ದುದು ಯುಕ್ತವೇ. ಸಾಮ್ಯವನ್ನು ಕಂಡರೂ ಅಭೇದವನ್ನು ಹೇರದಿರುವುದು ಇಲ್ಲಿಯೂ ಅವರ ಮರ್ಯಾದೆ.

ಅವರ ಗ್ರಂಥಗಳಲ್ಲಿ ಹೆಚ್ಚು ವಿವಾದಾಸ್ಪದವಾದುದು ೧೯೫೧ರ 'ಅನುಭವಮಂಟಪದ ಐತಿಹಾಸಿಕತೆ'. ಅನುಭವಮಂಟಪವು ಕವಿಕಲ್ಪಿತವಾದುದೇ ಹೊರತು ೧೨ನೆಯ ಶತಮಾನದ ಕಲ್ಯಾಣದಲ್ಲಿ ಅಂತಹ ಸಂಸ್ಥೆಯು ಇದ್ದಿತೆನ್ನಲು ಆಧಾರವಿಲ್ಲವೆಂದು ಕೆಲವು ಸಂಶೋಧಕರು ವಾದಿಸಿದ್ದರು. ಉತ್ತಂಗಿಯವರು ವಚನಗಳ ಅಂತಸ್ಸಾಕ್ಷ್ಯವನ್ನು ಹಿಡಿದು ಅದರ ಐತಿಹಾಸಿಕತೆಯನ್ನು ಸಾಧಿಸಲು ಯತ್ನಿಸಿದರು. ಕ್ರೈಸ್ತ ಪಾದ್ರಿಗಳು ಬಸವಣ್ಣನ ಅನುಭವಮಂಟಪದ ಪರವಾಗಿ ವಕಾಲತ್ತು ವಹಿಸಿದ ಈ ದೃಶ್ಯವು ಅಪೂರ್ವವಾದುದು. ಇದರ ಬೀಜವು ಅವರು ಪಡೆದ ಶಿಕ್ಷಣದಲ್ಲಿಯೇ ಇದ್ದಿರಬಹುದು. ೧೮೩೫ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನ ಡೇವಿಡ್ ಸ್ಟ್ರೌಸನು ಯೇಸುಚರಿತ್ರವನ್ನು ಬರೆದು ಸುವಾರ್ತೆಗಳ ಅನೇಕ ಪ್ರಸಂಗಗಳು ಪುರಾಣರೂಪವಾದುವೆಂದು ಹೇಳಿದಂದಿನಿಂದ, ಭಕ್ತರ ಸಾಕ್ಷ್ಯವನ್ನು ಚರಿತ್ರೆಯಾಗಿ ಎಷ್ಟರಮಟ್ಟಿಗೆ ನಂಬಬಹುದೆಂಬುದು ಕ್ರೈಸ್ತ ದೇವಜ್ಞಾನದಲ್ಲಿ ಬಹುದೊಡ್ಡ ಪ್ರಶ್ನೆಯಾಗಿ ನಿಂತಿತು. ತನ್ನ ಮತದಲ್ಲಿ ಭಕ್ತರ ಸಾಕ್ಷ್ಯಕ್ಕೆ ಗೌರವವನ್ನು ಬೇಡುವವನು ನೆರೆಯವರ ಮತದಲ್ಲಿ ಅದೇ ಸಾಕ್ಷ್ಯವನ್ನು ಕಟ್ಟುಕಥೆಯೆಂದು ತಳ್ಳಿಹಾಕಿದರೆ ಅದು ಎರಡು ಅಳತೆಗೋಲುಗಳನ್ನು ಇಟ್ಟುಕೊಂಡಂತೆ. ಒಂದೇ ಕೋಲಿನಿಂದ ಎರಡನ್ನೂ ಅಳೆದುದು ಉತ್ತಂಗಿಯವರ ಪ್ರಾಮಾಣಿಕತೆ.

ಆದರೆ ಪ್ರಾಮಾಣಿಕತೆಯು ಬೇರೆ, ಪ್ರಮಾಣವು ಬೇರೆ. ಅನುಭವಮಂಟಪದ ಚಿತ್ರವನ್ನು ಸಾಂಗವಾಗಿ ಕೊಡುವ ಶೂನ್ಯಸಂಪಾದನೆಯು ೧೫ನೆಯ ಶತಮಾನದ ಸಂಕಲನ. ಬಸವಣ್ಣನ ಕಾಲಕ್ಕಿಂತ ಎರಡು ಶತಮಾನಗಳಿಗೂ ಹೆಚ್ಚು ಈಚಿನದು. ಬಿಡಿವಚನಗಳನ್ನು ಸಂವಾದರೂಪದಲ್ಲಿ ಹೆಣೆದ ಆ ಕೃತಿಯ ಕಲಾರಚನೆಯನ್ನು ನಡೆದ ಸಭೆಯ ವರದಿಯೆಂದು ತೆಗೆದುಕೊಳ್ಳಲಾಗದು. ಇಲ್ಲಿ ಎರಡು ಪ್ರಶ್ನೆಗಳನ್ನು ವಿಂಗಡಿಸುವುದು ಆವಶ್ಯಕ. ಶರಣರು ಒಬ್ಬರನ್ನೊಬ್ಬರು ಅರಿತು, ಸ್ಮರಿಸಿ, ಪ್ರಶ್ನಿಸಿ ಗೋಷ್ಠಿಯನ್ನು ನಡೆಸಿದರೆಂಬುದು ಅವರ ವಚನಗಳ ಪರಸ್ಪರಸಂಬಂಧದಿಂದಲೇ ಸಿದ್ಧವಾಗುತ್ತದೆ. ಆ ಗೋಷ್ಠಿಗೆ ಒಂದು ಮಂಟಪ, ಒಂದು ಅಧ್ಯಕ್ಷಪೀಠ, ೭೭೦ ಅಮರಗಣಂಗಳ ಸಂಖ್ಯೆ ಇವು ಇದ್ದುವೆಂಬುದು ಹಾಗೆ ಸಿದ್ಧವಾಗುವುದಿಲ್ಲ. ಮೊದಲನೆಯದನ್ನು ಸ್ಥಾಪಿಸಿದ ವಾದಿಯು ಎರಡನೆಯದನ್ನೂ ಅದೇ ಬಲದಿಂದ ಹಿಡಿಯಹೋದರೆ ಅತಿವ್ಯಾಪ್ತಿದೋಷವು ಬಂದೊದಗುತ್ತದೆ. ನಂಬಿದವರ ಮಾತನ್ನು ನಂಬುವುದು ಪಾಲಕನ ಶೀಲ. ನಂಬಿದವರ ಮಾತನ್ನೂ ತೂಗಿನೋಡುವುದು ಚರಿತ್ರಕಾರನ ಶೀಲ. ಉತ್ತಂಗಿಯವರಲ್ಲಿ ಮೊದಲನೆಯದೇ ಬಲವಾಗಿದ್ದಿತು.

೬

ಮೊದಲನೆಯ ಪೂರ್ವಪಕ್ಷವು ಇನ್ನೂ ಉಳಿದಿದೆ. ಸಭಾಪಾಲಕನು ಪರರ ಶಾಸ್ತ್ರಗಳಿಗೆ ಶ್ರಮಿಸಿದುದು ತನ್ನ ಮಂದೆಗೆ ದ್ರೋಹವೆ? ಮಂದೆಯೆಂಬುದು ಏನೆಂಬುದರ ಮೇಲೆ ಉತ್ತರವು ನಿಂತಿದೆ. ಉತ್ತರಕರ್ನಾಟಕದ ಕ್ರೈಸ್ತರು ಬೇರೆ ಊರಿನಿಂದ ಬಂದವರಲ್ಲ; ಶರಣರ ನಾಡಿನ ಮಕ್ಕಳೇ. ಮತವನ್ನು ಬದಲಿಸಿದವರು ಅಜ್ಜಿಯ ಹಾಡನ್ನೂ ಬಿಡಬೇಕೆಂಬ ನಿಯಮವಾದರೆ ಅವರು ತಮ್ಮ ಮನೆಯಲ್ಲಿಯೇ ಪರದೇಶಿಗಳಾಗುವರು. ಸರ್ವಜ್ಞನನ್ನೂ ಸಿದ್ಧರಾಮನನ್ನೂ ಅಚ್ಚುಕಟ್ಟಾಗಿ ಕಾಪಾಡಿ ಕೊಟ್ಟುದರಿಂದ ಉತ್ತಂಗಿಯವರು ತಮ್ಮ ಸಭೆಯವರಿಗೆ ಅವರ ಪೂರ್ವಿಕರ ಆಸ್ತಿಯನ್ನು ಹಿಂದಿರುಗಿಸಿದರು. ನೆರೆಯವರಿಗೆ ಕ್ರೈಸ್ತನ ಕೈಯು ಕಳ್ಳಕೈಯಲ್ಲವೆಂಬುದನ್ನು ತೋರಿಸಿದರು. ನೂರು ಉಪದೇಶಗಳಿಂದ ಹುಟ್ಟದ ವಿಶ್ವಾಸವು ಇದರಿಂದ ಹುಟ್ಟಿತು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿದ ಮಾರನೆಯ ವರ್ಷ, ೧೯೪೯ರಲ್ಲಿ, ಆ ಸಂಸ್ಥಾನಕ್ಕೆ ಸೇರಿದ್ದ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದಾಗ ಕನ್ನಡಿಗರು ಅಧ್ಯಕ್ಷಪೀಠಕ್ಕೆ ಕರೆದುದು ಈ ಸಭಾಪಾಲಕರನ್ನು. ಮತಗಳ ಹೆಸರಿನಲ್ಲಿ ರಕ್ತವು ಹರಿದು ಇನ್ನೂ ಆರಿರದ ಸೀಮೆಯಲ್ಲಿ ಒಬ್ಬ ಕ್ರೈಸ್ತ ಗುರುವು ಎಲ್ಲರ ಹಿರಿಯನಾಗಿ ಕುಳಿತನೆಂಬುದನ್ನು ಸಾಮಾನ್ಯವಾದ ಸನ್ಮಾನವೆಂದು ಎಣಿಸಲಾಗದು.

ಕ್ರೈಸ್ತಸೇವೆಗೆ ಹೊರಡುವವರು ಈ ಜೀವನದಿಂದ ಗ್ರಹಿಸಬೇಕಾದುದನ್ನು ಇಲ್ಲಿ ಸಂಗ್ರಹಿಸಬಹುದು. ಬೋಧಕನು ಮಾತಾಡುವುದಕ್ಕೆ ಮೊದಲು ಕೇಳಬೇಕು. ಜನರ ನುಡಿಯನ್ನು ಅವರ ಬಾಯಿಂದಲೇ ಕಲಿಯಬೇಕು. ತನ್ನ ನಂಬಿಕೆಯನ್ನು ಮರೆಮಾಡದೆ ಹೇಳಬೇಕು, ಹೇಳುವಾಗ ವಿನಂತಿಯ ಸ್ವರವನ್ನು ಬಿಡಕೂಡದು. ಪರರಿಗೆ ಪವಿತ್ರವಾದುದು ಕೈಗೆ ಬಂದಾಗ ಅದನ್ನು ತಿದ್ದದೆ ತಿರುಚದೆ ಒಪ್ಪಿಸಬೇಕು. ಎರಡು ಪಕ್ಷದವರೂ ಸಂಶಯಪಡುವ ಏಕಾಂತವು ಬಂದರೆ ಅದನ್ನು ಸಹಿಸಬೇಕು. ಇವುಗಳ ಜೊತೆಗೆ ಅವರ ದೋಷಗಳಿಂದ ಕಲಿಯಬೇಕಾದ ಪಾಠವೂ ಒಂದುಂಟು: ಪ್ರೀತಿಯು ಎಷ್ಟೇ ಶುದ್ಧವಾದರೂ ವಿವೇಚನೆಯ ಕೆಲಸವನ್ನು ತಾನೇ ಮಾಡಲಾರದು, ಪಾಲಕನಿಗೆ ಮಂದೆಯ ಮೇಲೆ ಮಮತೆಯಿದ್ದರೆ ಸಾಲದು, ಎಣಿಕೆಯೂ ಬರಬೇಕು. ಈ ಪಾಠಗಳು ಕ್ರೈಸ್ತರಿಗೆ ಮಾತ್ರವೆಂದು ಬೇರೆ ಮಠಪೀಠಗಳವರು ತಿಳಿಯಬೇಕಾಗಿಲ್ಲ. ಶಿಷ್ಯರನ್ನು ಸ್ವತ್ತೆಂದೂ ಶಾಸ್ತ್ರವನ್ನು ಕೋಟೆಯೆಂದೂ ಬಗೆದ ಗುರುಗಳು ಸಂಸ್ಕೃತಪಾಠಶಾಲೆಗಳಲ್ಲಿಯೂ ಮಠಗಳಲ್ಲಿಯೂ ಕಡಮೆಯಿಲ್ಲ.

ಉತ್ತಂಗಿಯವರು ೧೯೬೨ನೆಯ ಇಸವಿ ಆಗಸ್ಟ್ ೨೮ರಂದು ದಿವಂಗತರಾದರು. ಅವರು 'ತಿರುಳ್ಗನ್ನಡದ ತಿರುಕ'ರೆಂಬ ಬಿರುದಿನಿಂದ ಪ್ರಸಿದ್ಧರು. ಸರ್ವಜ್ಞನೂ ತಿರಿದುಂಡವನೇ. ತಿರುಕನು ಮನೆಮನೆಗೆ ಹೋಗುವನು, ಕೊಟ್ಟುದನ್ನು ಕೈಯೊಡ್ಡಿ ಪಡೆಯುವನು, ಯಾವ ಮನೆಗೂ ಯಜಮಾನನಾಗುವುದಿಲ್ಲ. ಪಾದ್ರಿಗೆ ಈ ಬಿರುದು ಸಂದುದು ಅನ್ವರ್ಥವಾಗಿದೆ. ನನ್ನಿವಾಳದ ಸೀಮೆಯ ಕಿಲಾರಿಯು ಸಂಜೆಯ ಹೊತ್ತಿಗೆ ಮಂದೆಯನ್ನು ರೊಪ್ಪಕ್ಕೆ ಸೇರಿಸಿ ಎಣಿಸುವಾಗ ಇವು ತನ್ನವೆಂದು ಭಾವಿಸುವುದಿಲ್ಲ. ಒಂದೂ ಕಡಮೆಯಾಗಿಲ್ಲವೆಂದು ತಿಳಿದರೆ ಅವನಿಗೆ ತೃಪ್ತಿ. ಸರ್ವಜ್ಞನನ್ನು ಸರ್ವಜ್ಞನಾಗಿಯೂ ಶರಣರನ್ನು ಶರಣರಾಗಿಯೂ ಕನ್ನಡಿಗರಿಗೆ ಒಪ್ಪಿಸಿ, ತಾವು ಕಡೆಯವರೆಗೆ ಕ್ರಿಸ್ತನ ಸೇವಕರಾಗಿಯೇ ಉಳಿದ ಈ ಸಭಾಪಾಲಕರಿಗೆ ಲಭಿಸಿದುದು ಅದೇ ತೃಪ್ತಿಯೆಂದು ತೋರುತ್ತದೆ.